ದಸರಾ ಮುಗಿಸಿ ಆಲ್ಪ್ಸ್‌ಗೆ ಹೊರಡಬಹುದೇ?

ಪ್ರಶ್ನೆ: ನನಗೆ 56 ವರ್ಷ, ನನ್ನ ಪತ್ನಿಗೆ 52. ಮೈಸೂರಿನಲ್ಲಿದ್ದೇವೆ. ಮಕ್ಕಳ ಜವಾಬ್ದಾರಿ ಮುಗಿದ ಮೇಲೆ ನಾವಿಬ್ಬರೇ ಹೋಗುತ್ತಿರುವ ಮೊದಲ ದೊಡ್ಡ ಪ್ರವಾಸ. 2026ರ ದಸರಾ ಮುಗಿಸಿ, ಅಕ್ಟೋಬರ್ 22ರ ಸುಮಾರಿಗೆ ಹೊರಟು ಹನ್ನೆರಡು ದಿನ ಆಲ್ಪ್ಸ್ ನೋಡಿ ಬರುವ ಯೋಚನೆ. ಪಟ್ಟಿಯಲ್ಲಿ ಯುಂಗ್‌ಫ್ರಾಯೋಖ್, ಟಿಟ್ಲಿಸ್, ಝರ್ಮಾಟ್, ಶಾಮೊನಿ, ಸಾಲ್ಜ್‌ಬರ್ಗ್, ಡಾಲಮೈಟ್ಸ್ ಇವೆ. ನನಗೆ ಚಾರಣದ ಹುಚ್ಚು, ಕುಮಾರಪರ್ವತ, ಕುದುರೆಮುಖ ಎಲ್ಲ ಹತ್ತಿದ್ದೇನೆ. ಆಕೆಗೆ ಮಂಡಿ ನೋವು, ಇಳಿಜಾರು ಆಗುವುದಿಲ್ಲ. ಇಬ್ಬರೂ ಸಸ್ಯಾಹಾರಿಗಳು. ಟೂರ್ ಕಂಪನಿಯ ಜೊತೆ ಹೋಗಲು ಮನಸ್ಸಿಲ್ಲ. ಕಾರು ಬಾಡಿಗೆಗೆ ತೆಗೆದುಕೊಳ್ಳುವುದು ಒಳ್ಳೆಯದೇ?

ಉತ್ತರ: ಊರುಗಳ ಪಟ್ಟಿಗಿಂತ ಮೊದಲು ತಾರೀಖಿನ ವಿಷಯ ಇತ್ಯರ್ಥವಾಗಲಿ. ದಸರಾ ಮುಗಿಸಿ ಹೊರಡಬೇಡಿ. ಈ ಸಲ ಅಧಿಕ ಜ್ಯೇಷ್ಠ ಬಂದಿರುವುದರಿಂದ ಹಬ್ಬಗಳೆಲ್ಲ ಹಿಂದೆ ಸರಿದು ವಿಜಯದಶಮಿ ಅಕ್ಟೋಬರ್ 20ಕ್ಕೆ ಬಿದ್ದಿದೆ. ದಸರಾ ಬೇಗ ಬರುವ ವರ್ಷವಾಗಿದ್ದರೆ ನಿಮ್ಮ ಲೆಕ್ಕ ಸರಿಯಾಗುತ್ತಿತ್ತು. ಈ ವರ್ಷ ಮಾತ್ರ ನೀವು ಅಲ್ಲಿ ಇಳಿಯುವ ಹೊತ್ತಿಗೆ ಊರುಗಳು ಬಾಗಿಲು ಹಾಕಿಕೊಳ್ಳುತ್ತಿರುತ್ತವೆ.

ಆಲ್ಪ್ಸ್‌ನಲ್ಲಿ ಪ್ರವಾಸದ ಹಂಗಾಮು ಎರಡು: ಬೇಸಿಗೆಯದು, ಹಿಮ ಜಾರಾಟದ್ದು. ಅಕ್ಟೋಬರ್ ಕೊನೆಯಿಂದ ಡಿಸೆಂಬರ್ ಮಧ್ಯದವರೆಗೆ ಎರಡೂ ಇಲ್ಲ. ಕೇಬಲ್ ಕಾರುಗಳನ್ನು ನಿಲ್ಲಿಸಿ ಹಗ್ಗ, ಚಕ್ರಗಳ ತಪಾಸಣೆ ಮಾಡುವುದು ಆಗಲೇ. ಮೇಲಿನ ಕಣಿವೆಗಳಲ್ಲಿ ಹೋಟೆಲಿನವರೂ ಬೀಗ ಹಾಕಿ ರಜೆಗೆ ಹೋಗುತ್ತಾರೆ. ಝರ್ಮಾಟಿನಿಂದ ಸೇಂಟ್ ಮೊರಿಟ್ಸಿಗೆ ಹೋಗುವ ಗ್ಲೇಷಿಯರ್ ಎಕ್ಸ್‌ಪ್ರೆಸ್ ಕೂಡ ಅಕ್ಟೋಬರ್ ಮಧ್ಯಕ್ಕೆ ನಿಂತು, ಮತ್ತೆ ಓಡುವುದು ಡಿಸೆಂಬರಿನಲ್ಲಿ. ಜೊತೆಗೆ ಅಕ್ಟೋಬರ್ ಕೊನೆಯ ಭಾನುವಾರ, ಅಂದರೆ ಈ ಸಲ 25ರಂದು, ಯೂರೋಪಿನ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಆಮೇಲೆ ಐದೂಕಾಲರ ಹೊತ್ತಿಗೆ ಸೂರ್ಯ ಮುಳುಗುತ್ತಾನೆ, ಎತ್ತರದ ಗೋಡೆಗಳಿರುವ ಕಣಿವೆಗಳಲ್ಲಿ ಅದಕ್ಕೂ ಬಹಳ ಮೊದಲೇ ಬಿಸಿಲು ಹೋಗಿರುತ್ತದೆ. ಅಷ್ಟು ದುಡ್ಡು ಕೊಟ್ಟು ಕತ್ತಲೆ ನೋಡಲು ಹೋಗಬೇಕೆ?

ಆದ್ದರಿಂದ ಅಕ್ಟೋಬರ್ 4ರ ರಾತ್ರಿ ಹೊರಟು 17ಕ್ಕೆ ಮನೆ ಸೇರುವ ಹಾಗೆ ಯೋಜಿಸಿ. ಮನೆಯಲ್ಲಿ ಗೊಂಬೆ ಕೂರಿಸುವ ಪದ್ಧತಿಯಿದ್ದರೆ ಈ ಮಾತು ಕಷ್ಟವಾದೀತು, ಗೊತ್ತು. ಸರಸ್ವತಿ ಪೂಜೆಯಿಂದ ಕೂರಿಸುವ ಮನೆಗಳೂ ಇವೆ, ನಿಮ್ಮಾಕೆಯ ಜೊತೆ ಮಾತಾಡಿ ನೋಡಿ. ಪಿತೃಪಕ್ಷದಲ್ಲಿ ಪ್ರಯಾಣ ಬೇಡವೆನ್ನುವವರಾದರೆ ಮಹಾಲಯ ಅಮಾವಾಸ್ಯೆ ಮುಗಿಸಿ 11ಕ್ಕೆ ಹೊರಟರೂ ನಡೆಯುತ್ತದೆ, ಅದಕ್ಕಿಂತ ತಡ ಬೇಡ. ಅಕ್ಟೋಬರ್ 4ಕ್ಕೆ ಇನ್ನೊಂದು ಕಾರಣವೂ ಉಂಟು: ಮ್ಯೂನಿಕ್‌ನ ಬಿಯರ್ ಜಾತ್ರೆ ಆಕ್ಟೋಬರ್‌ಫೆಸ್ಟ್ ಅಂದೇ ಮುಗಿಯುತ್ತದೆ. ವಾಪಸ್ ಬರುವಾಗ ಆ ಊರಿನ ಮೂಲಕ ಬರುವ ನಿಮಗೆ ಜಾತ್ರೆಯ ದರ ತಟ್ಟುವುದಿಲ್ಲ.

ಈಗ ಪಟ್ಟಿ. ಆರು ಜಾಗ, ನಾಲ್ಕು ದೇಶ, ಹನ್ನೆರಡು ದಿನ. ಭೂಪಟದಲ್ಲಿ ಅಂಗೈ ಅಗಲ ಕಾಣುವ ಈ ಪರ್ವತಗಳಲ್ಲಿ ಒಂದು ಕಣಿವೆಯಿಂದ ಪಕ್ಕದ ಕಣಿವೆಗೆ ಹೋಗಲು ಅರ್ಧ ದಿನ ಬೇಕು. ನಿಮ್ಮ ಪಟ್ಟಿಯಂತೆ ಹೋದರೆ ನಿತ್ಯ ಸೂಟ್‌ಕೇಸು ಕಟ್ಟುವುದೇ ಕೆಲಸ. ಶಾಮೊನಿ, ಸಾಲ್ಜ್‌ಬರ್ಗ್ ಎರಡನ್ನೂ ಬಿಡಿ. ಒಂದು ಪಶ್ಚಿಮದ ತುದಿ, ಇನ್ನೊಂದು ಪೂರ್ವದ ತುದಿ. ಟಿಟ್ಲಿಸ್ ಕೂಡ ಬಿಡಿ. ಝರ್ಮಾಟ್ ಬಿಡಿ ಎನ್ನಲು ನನಗೂ ಸಂಕಟವೇ. 4,478 ಮೀಟರಿನ ಮ್ಯಾಟರ್‌ಹಾರ್ನ್ ಶಿಖರ ಚಿತ್ರಗಳಲ್ಲಿ ಕಾಣುವಷ್ಟೇ ಚೆನ್ನಾಗಿ ಎದುರಿಗೂ ಕಾಣುತ್ತದೆ. ಆದರೆ ಅದು ಬೇಕೆಂದರೆ ಪೂರ್ವದಲ್ಲಿ, ಇಟಲಿಯ ಕಡೆ ಇರುವ ಡಾಲಮೈಟ್ಸ್ ಬೆಟ್ಟಸಾಲನ್ನು ಕೈಬಿಡಬೇಕು. ಶರತ್ಕಾಲಕ್ಕೆಂದೇ ಹೋಗುವವರಿಗೆ ನನ್ನ ಓಟು ಪೂರ್ವಕ್ಕೆ.

ಕಾರಣ, ಲಾರ್ಚ್ ಮರ. ಆಲ್ಪ್ಸ್‌ನ ಸೂಜಿ ಎಲೆಯ ಮರಗಳಲ್ಲಿ ಚಳಿಗಾಲಕ್ಕೆ ಎಲೆ ಉದುರಿಸುವುದು ಇದೊಂದೇ. ಉದುರುವ ಮೊದಲು ಎಲೆಯ ಹಸಿರು ಹಿಂಗಿ, ಒಳಗಿದ್ದ ಹಳದಿ ಬಣ್ಣ ಮೇಲೆ ಬರುತ್ತದೆ. ಪೂರ್ವ ಸ್ವಿಟ್ಜರ್ಲೆಂಡಿನ ಎಂಗಡೀನ್ ಕಣಿವೆಯ ಮೇಲ್ಭಾಗದ ನೆಲವೇ ಸುಮಾರು 1,800 ಮೀಟರ್ ಎತ್ತರ, ಇಳಿಜಾರುಗಳ ತುಂಬ ಈ ಮರಗಳೇ. ಮೇಲಿನ ಮರಗಳು ಮೊದಲು ತಿರುಗಿ ಬಣ್ಣ ದಿನದಿನಕ್ಕೂ ಕೆಳಗಿಳಿಯುತ್ತದೆ, ಅಕ್ಟೋಬರ್ ಎರಡನೇ ವಾರದಿಂದ ಮೂರನೇ ವಾರದೊಳಗೆ ಇಡೀ ಕಣಿವೆ ಹೊನ್ನಾಗುತ್ತದೆ. ಮೇಲೆ ಹೊಸ ಹಿಮ, ನಡುವೆ ಹಳದಿ ಕಾಡು, ಕೆಳಗೆ ನೀಲಿ ಸರೋವರ. ಒಂದು ಜೋರು ಗಾಳಿ ಬೀಸಿದರೆ ಎರಡು ದಿನದಲ್ಲಿ ಎಲ್ಲ ಖಾಲಿ, ಅದಕ್ಕೇ ಅಲ್ಲಿ ಒಂದೆರಡು ರಾತ್ರಿ ಸಾಲದು.

ನಾನು ಹೇಳುವ ದಾರಿ ಇದು. ಐದನೇ ತಾರೀಖು ಝೂರಿಕ್‌ನಲ್ಲಿ ಇಳಿದು ನೇರ ಯುಂಗ್‌ಫ್ರಾಯೋಖ್ ಬುಡದ ಲೌಟರ್‌ಬ್ರುನ್ನೆನ್ ಕಣಿವೆಗೆ, ಅಲ್ಲಿ ಮೂರು ರಾತ್ರಿ. ಎಂಟಕ್ಕೆ ಎಂಗಡೀನಿನ ಪೊಂಟ್ರೆಸೀನಾಗೆ, ನಾಲ್ಕು ರಾತ್ರಿ. ಹನ್ನೆರಡಕ್ಕೆ ಗಡಿ ದಾಟಿ ಇಟಲಿಯ ದಕ್ಷಿಣ ಟಿರೋಲ್‌ಗೆ. ಡಾಲಮೈಟ್ಸ್ ಮಡಿಲಿನ ಓರ್ಟಿಸೈಯಲ್ಲಿ ಮೂರು ರಾತ್ರಿ, ಬೊಲ್ಜಾನೊದಲ್ಲಿ ಒಂದು. ಹದಿನಾರರ ಬೆಳಗ್ಗೆ ಬ್ರೆನ್ನರ್ ಕಣಿವೆದಾರಿಯ ರೈಲು ಹತ್ತಿದರೆ ನಾಲ್ಕು ಗಂಟೆಯಲ್ಲಿ ಮ್ಯೂನಿಕ್, ಅಲ್ಲಿಂದ ರಾತ್ರಿ ವಿಮಾನ. ಟಿಕೆಟ್ ಮಾಡುವಾಗ ಹೋಗುವುದು ಝೂರಿಕ್‌ಗೆ, ಬರುವುದು ಮ್ಯೂನಿಕ್‌ನಿಂದ ಎಂದು ಒಂದೇ ಬುಕಿಂಗಿನಲ್ಲಿ ಹುಡುಕಿ. ಹೋದ ಊರಿಗೇ ವಾಪಸ್ ಬರುವ ಒಂದು ದಿನ ಉಳಿಯುತ್ತದೆ.

ಕಾರು ಬೇಡ. ಫುರ್ಕಾ, ಗ್ರಿಮ್ಸೆಲ್, ಸುಸ್ಟೆನ್‌ನಂಥ ಎತ್ತರದ ಘಾಟಿಗಳು ಅಕ್ಟೋಬರಿನಲ್ಲಿ ಹಿಮ ಬಿದ್ದರೆ ರಾತ್ರೋರಾತ್ರಿ ಮುಚ್ಚುತ್ತವೆ. ಒಂದು ದೇಶದಲ್ಲಿ ಕಾರು ತೆಗೆದುಕೊಂಡು ಇನ್ನೊಂದರಲ್ಲಿ ಬಿಟ್ಟರೆ ಅದಕ್ಕೆ ಬೇರೆ ದಂಡ ಕಟ್ಟಿದ ಹಾಗೆ ದುಡ್ಡು. ಸ್ವಿಸ್ ಹೆದ್ದಾರಿಗೆ 40 ಫ್ರಾಂಕಿನ ವರ್ಷದ ಚೀಟಿ, ಇಟಲಿಯ ಹಳೇಪೇಟೆಗಳಿಗೆ ಗೊತ್ತಿಲ್ಲದೆ ನುಗ್ಗಿದರೆ ತಿಂಗಳುಗಳ ನಂತರ ಮನೆಗೆ ಬರುವ ದಂಡದ ಪತ್ರ. ಇಷ್ಟೆಲ್ಲ ಆದ ಮೇಲೂ ಸ್ಟಿಯರಿಂಗ್ ಹಿಡಿದವರಿಗೆ ಬೆಟ್ಟ ಕಾಣುವುದಿಲ್ಲ, ತಿರುವು ಮಾತ್ರ ಕಾಣುತ್ತದೆ. ಸ್ವಿಟ್ಜರ್ಲೆಂಡಿನಲ್ಲಿ ರೈಲು, ಬಸ್ಸು, ದೋಣಿ ಮೂರಕ್ಕೂ ಒಂದೇ ಸ್ವಿಸ್ ಟ್ರಾವೆಲ್ ಪಾಸ್ ನಡೆಯುತ್ತದೆ. ಅದು 3, 4, 6, 8, 15 ದಿನಗಳಿಗೆ ಸಿಗುತ್ತದೆ. ಐದರಿಂದ ಹನ್ನೆರಡು ಅಂದರೆ ಸರಿಯಾಗಿ ಎಂಟು ದಿನ. ದಕ್ಷಿಣ ಟಿರೋಲ್‌ನಲ್ಲಿ ಬಹಳಷ್ಟು ಹೋಟೆಲಿನವರು ಅತಿಥಿಗಳಿಗೆ ಗೆಸ್ಟ್ ಪಾಸ್ ಎಂಬ ಕಾರ್ಡು ಕೊಡುತ್ತಾರೆ, ಅದರಲ್ಲಿ ಆ ಪ್ರಾಂತ್ಯದ ಬಸ್ಸು ಮತ್ತು ಸ್ಥಳೀಯ ರೈಲು ಉಚಿತ. ಕೊಠಡಿ ಕಾದಿರಿಸುವ ಮೊದಲೇ ಕೊಡುತ್ತಾರೋ ಇಲ್ಲವೋ ಕೇಳಿಕೊಳ್ಳಿ.

ಇನ್ನು ಚಾರಣ ಮತ್ತು ಮಂಡಿ. ದಂಪತಿಗಳ ಪ್ರವಾಸ ಕೆಡುವುದು ಸಾಮಾನ್ಯವಾಗಿ ಇಂಥಲ್ಲೇ. ಒಬ್ಬರು ನಡೆಯುತ್ತಾ ಹೋಗುತ್ತಾರೆ, ಇನ್ನೊಬ್ಬರು ಹೋಟೆಲಿನಲ್ಲಿ ಕಾಯುತ್ತಾರೆ, ಸಂಜೆ ಇಬ್ಬರಿಗೂ ಬೇಸರ. ನಾನು ಈ ಊರುಗಳನ್ನೇ ಆರಿಸಿದ್ದು ಇಬ್ಬರೂ ಬೇರೆ ಬೇರೆ ರೀತಿಯಲ್ಲಿ ಒಂದೇ ಕಡೆ ತಲುಪಬಹುದು ಎನ್ನುವ ಕಾರಣಕ್ಕೆ. ಲೌಟರ್‌ಬ್ರುನ್ನೆನ್‌ನಿಂದ ಕೇಬಲ್ ಕಾರಿನಲ್ಲಿ ಗ್ರುಟ್ಶಾಲ್ಪ್‌ಗೆ ಹತ್ತಿ. ಅಲ್ಲಿಂದ ಬೆಟ್ಟದ ಅಂಚಿನಲ್ಲೇ ಸಮತಟ್ಟಾಗಿ ಒಂದು ಪುಟ್ಟ ರೈಲು ಮ್ಯುರೆನ್ ಎಂಬ ಹಳ್ಳಿಗೆ ಹೋಗುತ್ತದೆ. ಕಾಲುದಾರಿಯೂ ಹಳಿಯ ಆಸುಪಾಸಿನಲ್ಲೇ. ಆಕೆ ರೈಲಿನಲ್ಲಿ, ನೀವು ಕಾಲ್ನಡಿಗೆಯಲ್ಲಿ, ನಡುವೆ ವಿಂಟರೆಗ್ ನಿಲ್ದಾಣದಲ್ಲಿ ಕೂಡಬಹುದು. ಎದುರಿಗೆ ಐಗರ್, ಮೋಂಖ್, ಯುಂಗ್‌ಫ್ರಾ ಮೂರೂ ಶಿಖರಗಳು ಸಾಲಾಗಿ ನಿಂತಿರುತ್ತವೆ. ಮ್ಯುರೆನ್‌ನಲ್ಲಿ ಪ್ರವಾಸಿಗರ ಕಾರುಗಳಿಗೆ ಪ್ರವೇಶವಿಲ್ಲ.

ಪೊಂಟ್ರೆಸೀನಾದಿಂದ ರೋಸೆಗ್ ಕಣಿವೆಗೆ ಹೋಗುವ ಏಳು ಕಿಲೋಮೀಟರಿನ ದಾರಿ ನಿಮಗೆಂದೇ ಮಾಡಿಸಿದಂತಿದೆ. ಏರು ಬಹಳ ಕಡಿಮೆ, ಹೊಳೆಯ ಪಕ್ಕದಲ್ಲಿ ಲಾರ್ಚ್ ಕಾಡಿನೊಳಗೆ ಸಾಗುತ್ತದೆ, ತುದಿಯಲ್ಲಿ ಹಿಮನದಿಯ ಎದುರು ಒಂದು ಹೋಟೆಲು. ಅಲ್ಲಿಗೆ ಕುದುರೆಗಾಡಿ ಓಡುತ್ತದೆ, ಮೊದಲೇ ಜಾಗ ಕಾದಿರಿಸಬೇಕು. ಆಕೆಗೆ ಗಾಡಿ, ನಿಮಗೆ ಕಾಲು, ಇಬ್ಬರಿಗೂ ಒಂದೇ ಕಾಡು. ಇನ್ನೊಂದು ಮಧ್ಯಾಹ್ನ ಮುವೊಟ್ಟಾಸ್ ಮುರಾಗ್ಲ್. 1907ರಿಂದ ಓಡುತ್ತಿರುವ ಹಗ್ಗದ ರೈಲು ನಿಮ್ಮನ್ನು ಸುಮಾರು 2,450 ಮೀಟರಿಗೆ ಒಯ್ದು ಬಿಡುತ್ತದೆ, ಎಂಗಡೀನಿನ ಸರೋವರಗಳೆಲ್ಲ ಅಲ್ಲಿಂದ ಒಂದೇ ನೋಟಕ್ಕೆ ಕಾಣುತ್ತವೆ. ಮೋರ್ಟೆರಾಚ್ ನಿಲ್ದಾಣದಲ್ಲಿ ಇಳಿದರೆ ಹಿಮನದಿಯ ಕಡೆಗೆ ಸುಲಭದ ದಾರಿಯಿದೆ. ಯಾವ ವರ್ಷ ಹಿಮ ಎಲ್ಲಿಯವರೆಗೆ ಇತ್ತು ಎಂದು ದಾರಿಯುದ್ದಕ್ಕೂ ಫಲಕಗಳಿವೆ. ಒಂದರಿಂದ ಇನ್ನೊಂದಕ್ಕೆ ನಡೆಯುತ್ತಾ ಹೋದರೆ ಭಾಷಣವಿಲ್ಲದೆ ವಿಷಯ ಅರ್ಥವಾಗುತ್ತದೆ.

ನೀವೊಬ್ಬರೇ ಗಟ್ಟಿ ಚಾರಣಕ್ಕೆ ಹೋಗುವ ದಿನ ಫಲಕದ ಬಣ್ಣ ನೋಡಿ. ಸ್ವಿಟ್ಜರ್ಲೆಂಡಿನಲ್ಲಿ ಬರೀ ಹಳದಿ ಇದ್ದರೆ ಸಾಧಾರಣ ದಾರಿ, ಬಿಳಿ-ಕೆಂಪು-ಬಿಳಿ ಪಟ್ಟೆ ಇದ್ದರೆ ಬೆಟ್ಟದ ದಾರಿ. ಬಿಳಿ-ನೀಲಿ-ಬಿಳಿ ಕಂಡರೆ ಹಿಂದಿರುಗಿ, ಅದಕ್ಕೆ ಹಗ್ಗ, ಹಿಮಕೊಡಲಿ ಬೇಕಾಗಬಹುದು. ಫಲಕದಲ್ಲಿ ದೂರದ ಬದಲು ನಡೆಯುವ ಹೊತ್ತನ್ನು ಬರೆದಿರುತ್ತಾರೆ, ಅದು ಅವರ ನಡಿಗೆಯ ಲೆಕ್ಕ, ವಿಶ್ರಾಂತಿ ಸೇರಿಲ್ಲ. ಕುಮಾರಪರ್ವತ ಹತ್ತಿದ ಕಾಲಿಗೆ ಅಲ್ಲಿ ಕಷ್ಟವಾಗುವುದು ಏರಲ್ಲ. ಬೆಳಗಿನ ನೆರಳಿನಲ್ಲಿ ಹೆಪ್ಪುಗಟ್ಟಿದ ಕಲ್ಲು ಜಾರುತ್ತದೆ.

ರೈಲುಗಳ ವಿಷಯ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ, ನನಗೆ ಅದರ ಮೇಲೆ ಪಕ್ಷಪಾತ. ಥೂಸಿಸ್ ಪಟ್ಟಣದಿಂದ ಎಂಗಡೀನಿಗೆ ಹತ್ತುವ ಆಲ್ಬುಲಾ ಮಾರ್ಗ, ಅಲ್ಲಿಂದ ಇಟಲಿಯ ಟಿರಾನೊಗೆ ಇಳಿಯುವ ಬೆರ್ನಿನಾ ಮಾರ್ಗ, ಇವೆರಡೂ ಸೇರಿ 2008ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿವೆ. ಪೊಂಟ್ರೆಸೀನಾಗೆ ಬರುವಾಗಲೇ 65 ಮೀಟರ್ ಎತ್ತರದ ಲಾಂಡ್‌ವಾಸರ್ ಸೇತುವೆ ಸಿಗುತ್ತದೆ. ಬಾಗಿದ ಸೇತುವೆ ದಾಟಿದ ರೈಲು ನೇರ ಬಂಡೆಯ ಗೋಡೆಯೊಳಗಿನ ಸುರಂಗಕ್ಕೆ ನುಗ್ಗುತ್ತದೆ. ಬೆರ್ನಿನಾಗೆ ಒಂದು ಇಡೀ ದಿನ ಕೊಡಿ. 2,253 ಮೀಟರಿನ ಘಟ್ಟದ ತಲೆಯಿಂದ 429 ಮೀಟರಿನ ಟಿರಾನೊವರೆಗೆ, ಹಲ್ಲುಹಳಿಯ ಸಹಾಯವಿಲ್ಲದೆ, ಸಾಮಾನ್ಯ ಚಕ್ರಗಳ ಹಿಡಿತದಲ್ಲೇ ರೈಲು ಇಳಿಯುತ್ತದೆ. ಕೆಲವೆಡೆ ಸಾವಿರ ಮೀಟರ್ ಸಾಗುವಷ್ಟರಲ್ಲಿ 70 ಮೀಟರ್ ಕೆಳಗೆ. ಬ್ರೂಸಿಯೊದಲ್ಲಿ ಇಳಿಜಾರು ತೀರ ಕಡಿದಾಗಬಾರದೆಂದು ಬಯಲಿನಲ್ಲೇ ಕಲ್ಲುಕಮಾನುಗಳ ಸುರುಳಿ ಕಟ್ಟಿ ರೈಲನ್ನು ಒಂದು ಸುತ್ತು ತಿರುಗಿಸಿದ್ದಾರೆ. ಹಿಮದ ಪಕ್ಕದಲ್ಲಿ ಹತ್ತಿದವರು ಎರಡೂವರೆ ಗಂಟೆಯೊಳಗೆ ದ್ರಾಕ್ಷಿತೋಟಗಳ ನಡುವೆ ಇಳಿಯುತ್ತೀರಿ.

ಇಲ್ಲೊಂದು ಗುಟ್ಟು. ಬೆರ್ನಿನಾ ಎಕ್ಸ್‌ಪ್ರೆಸ್ ಎಂಬ ದೊಡ್ಡ ಗಾಜಿನ ರೈಲಿಗೆ ಪಾಸಿದ್ದರೂ ಸೀಟಿನ ದುಡ್ಡು ಬೇರೆ ಕಟ್ಟಬೇಕು. ಅದೇ ಹಳಿಯ ಮೇಲೆ ದಿನವಿಡೀ ಸಾಮಾನ್ಯ ರೈಲುಗಳು ಓಡುತ್ತವೆ, ಅದಕ್ಕೆ ರಿಸರ್ವೇಶನ್ ಬೇಡ, ಕೆಲವು ಬೋಗಿಗಳಲ್ಲಿ ಕಿಟಕಿಯನ್ನೂ ತೆರೆಯಬಹುದು. ಗಾಜಿನಲ್ಲಿ ನಿಮ್ಮದೇ ಮುಖ ಬೀಳದ ಫೋಟೊ ಬೇಕಿದ್ದರೆ ಅದರಲ್ಲೇ ಹೋಗಿ. ಆಲ್ಪ್ ಗ್ರ್ಯುಮ್‌ನಲ್ಲಿ ಇಳಿದು ಕಾಫಿ ಕುಡಿದು ಮುಂದಿನ ರೈಲು ಹಿಡಿಯಿರಿ. ಗ್ಲೇಷಿಯರ್ ಎಕ್ಸ್‌ಪ್ರೆಸ್ ತಪ್ಪಿತೆಂದು ಕೊರಗಬೇಡಿ. ಎಂಟು ಗಂಟೆ ಒಂದೇ ಸೀಟಿನಲ್ಲಿ ಕೂತರೆ ಎಂಥ ಹಿಮಶಿಖರವಾದರೂ ಊಟದ ಮೇಲೆ ಕಣ್ಣು ಮುಚ್ಚಿಸುತ್ತದೆ.

ಎಂಗಡೀನಿನಿಂದ ಇಟಲಿಗೆ ಹೋಗುವಾಗ ಟಿರಾನೊ ಮೂಲಕ ಹೋದರೆ ಮಿಲಾನ್ ಸುತ್ತಬೇಕು. ಅದರ ಬದಲು ಝೆರ್ನೆಜ್‌ವರೆಗೆ ರೈಲು, ಅಲ್ಲಿಂದ ಓಫೆನ್ ಘಾಟಿ ದಾಟುವ ಹಳದಿ ಪೋಸ್ಟ್ ಬಸ್ಸು. ದಾರಿ 1914ರಲ್ಲಿ ಶುರುವಾದ ಸ್ವಿಟ್ಜರ್ಲೆಂಡಿನ ಏಕೈಕ ರಾಷ್ಟ್ರೀಯ ಉದ್ಯಾನದೊಳಗೆ ಹಾಯುತ್ತದೆ. ಗಡಿಯ ಮ್ಯುಸ್ಟೈರ್‌ನಲ್ಲಿ ಇಳಿದು ಕನ್ಯಾಮಠದ ಗೋಡೆಚಿತ್ರಗಳನ್ನು ನೋಡಿ, ಸಾವಿರದ ಇನ್ನೂರು ವರ್ಷ ಹಳೆಯವು. ಮುಂದೆ ಇಟಲಿಯ ಮಾಲೆಸ್. ಅಲ್ಲಿಂದ ಮೆರಾನೊವರೆಗೆ ಸೇಬಿನ ತೋಟಗಳೇ ತೋಟಗಳು, ಅಕ್ಟೋಬರಿನಲ್ಲಿ ಕೊಯ್ಲು ನಡೆಯುತ್ತಿರುತ್ತದೆ. ಈ ಹಳಿಗೆ ವಿದ್ಯುತ್ ಮಾರ್ಗ ಹಾಕುವ ಕೆಲಸ ನಡೆದಿರುವುದರಿಂದ ಕೆಲವೆಡೆ ರೈಲಿನ ಬದಲು ಬಸ್ಸು ಹತ್ತಬೇಕಾದೀತು. ದಿನವೆಲ್ಲ ಹಿಡಿಯುತ್ತದೆ, ಹಿಡಿಯಲಿ.

ದಕ್ಷಿಣ ಟಿರೋಲ್ ಮೊದಲ ಮಹಾಯುದ್ಧದವರೆಗೆ ಆಸ್ಟ್ರಿಯಾದ ಭಾಗ. ಆದ್ದರಿಂದ ಇಟಲಿಯಾದರೂ ಹೆಚ್ಚಿನವರ ಮನೆಮಾತು ಜರ್ಮನ್, ಓರ್ಟಿಸೈಯಲ್ಲಿ ಲಾಡಿನ್ ಎಂಬ ಮೂರನೇ ಭಾಷೆ. ಊರಿನಿಂದ ಕೇಬಲ್ ಕಾರಿನಲ್ಲಿ ಆಲ್ಪೆ ದಿ ಸಿಯೂಸಿಗೆ ಹೋಗಿ. ಯೂರೋಪಿನ ಅತಿ ದೊಡ್ಡ ಎತ್ತರದ ಹುಲ್ಲುಗಾವಲು ಅದು, 50 ಚದರ ಕಿಲೋಮೀಟರಿಗೂ ಹೆಚ್ಚು. ಮಂಡಿಗೆ ಇದಕ್ಕಿಂತ ಕರುಣೆಯ ನೆಲ ಸಿಗದು. ಸಂಜೆ ಬೂದುಬಣ್ಣದ ಡಾಲಮೈಟ್ ಬಂಡೆಗಳು ಗುಲಾಬಿಯಾಗಿ ಆಮೇಲೆ ನೇರಳೆಗೆ ತಿರುಗುವುದನ್ನು ಊರಿನ ಯಾವ ಬೆಂಚಿನಿಂದಲೂ ನೋಡಬಹುದು. ಬೊಲ್ಜಾನೊದಲ್ಲಿ ಓಟ್ಜಿಯ ವಸ್ತುಸಂಗ್ರಹಾಲಯ ತಪ್ಪಿಸಬೇಡಿ. 1991ರಲ್ಲಿ ಹಿಮದಲ್ಲಿ ಸಿಕ್ಕಿದ, ಐದು ಸಾವಿರ ವರ್ಷಕ್ಕೂ ಹಿಂದಿನ ಮನುಷ್ಯ ಅವನು. ಅವನ ಕೊಡಲಿ, ಪಾದರಕ್ಷೆಯೂ ಜೊತೆಗಿವೆ.

ಹವಾಮಾನದಲ್ಲಿ ನೀವು ಮುಖ್ಯವಾಗಿ ತಿಳಿಯಬೇಕಾದದ್ದು ಮಂಜಿನ ಆಟ. ಶರತ್ಕಾಲದ ತಿಳಿ ದಿನಗಳಲ್ಲಿ ತಣ್ಣನೆಯ ಗಾಳಿ ತಗ್ಗಿನಲ್ಲಿ ಕೂತು, ಝೂರಿಕ್, ಬರ್ನ್, ಲುಟ್ಸರ್ನ್ ಎಲ್ಲ ಬೂದು ಮುಸುಕಿನಲ್ಲಿ ಮುಳುಗಿರುತ್ತವೆ. ಮೇಲೆ ಹೊಳೆಯುವ ಬಿಸಿಲು. ಮಡಿಕೇರಿಯ ರಾಜಾಸೀಟಿನಿಂದ ಬೆಳಗ್ಗೆ ಕಣಿವೆ ತುಂಬಿದ ಮಂಜನ್ನು ನೋಡಿದ್ದೀರಲ್ಲ, ಅದೇ, ಆದರೆ ದೇಶದ ಅರ್ಧದಷ್ಟು ಅಗಲಕ್ಕೆ. ಹೋಟೆಲಿನ ಕಿಟಕಿ ನೋಡಿ ದಿನ ಹಾಳೆಂದುಕೊಳ್ಳದೆ, ಎಲ್ಲ ಕೇಬಲ್ ಕಾರಿನವರೂ ಬಿಡುವ ನೇರ ವೆಬ್‌ಕ್ಯಾಮ್ ನೋಡಿ ನಿರ್ಧರಿಸಿ. ಇದರ ತಿರುವುಮುರುವೂ ಉಂಟು. ದಕ್ಷಿಣದಿಂದ ಫ್ಯೋನ್ ಎಂಬ ಬಿಸಿ ಒಣಗಾಳಿ ಬೀಸಿದರೆ ಆಕಾಶ ಗಾಜಿನಷ್ಟು ಶುಭ್ರ, ಕಣಿವೆಯಲ್ಲಿ ಅಂಗಿ ಸಾಕು, ಆದರೆ ಗಾಳಿಯ ಭಯಕ್ಕೆ ಕೇಬಲ್ ಕಾರು ನಿಂತಿರುತ್ತದೆ.

ಯುಂಗ್‌ಫ್ರಾಯೋಖ್ ಟಿಕೆಟನ್ನು ಊರಿನಿಂದಲೇ ಕೊಳ್ಳಬೇಡಿ ಎನ್ನುವುದು ಇದಕ್ಕೇ. ಪೂರ್ಣ ದರ ತಲೆಗೆ 200 ಫ್ರಾಂಕ್ ಆಸುಪಾಸು, ಪಾಸಿಗೆ ಸ್ವಲ್ಪ ರಿಯಾಯಿತಿ. 1912ರಲ್ಲಿ ಬೆಟ್ಟದ ಹೊಟ್ಟೆ ಕೊರೆದು 3,454 ಮೀಟರಿಗೆ ರೈಲು ಒಯ್ದ ಸಾಹಸ ದೊಡ್ಡದೇ. ಮೋಡವಿದ್ದರೆ ಮಾತ್ರ ಮೇಲೆ ಬಿಳಿ ಗೋಡೆ ಬಿಟ್ಟು ಏನೂ ಕಾಣದು. ಬೆಳಗ್ಗೆ ಕ್ಯಾಮೆರಾ ನೋಡಿ, ತಿಳಿಯಿದ್ದರೆ ಹೋಗಿ. ಹೃದಯ ಅಥವಾ ರಕ್ತದೊತ್ತಡದ ತೊಂದರೆಯಿದ್ದರೆ ವೈದ್ಯರನ್ನು ಮೊದಲೇ ಕೇಳಿ.

ಬಟ್ಟೆಗೆ ಒಂದು ದಪ್ಪ ಕೋಟಿಗಿಂತ ಮೂರು ತೆಳು ಪದರ, ಮೇಲೆ ನೀರು ತಡೆಯುವ ಜಾಕೆಟ್. ಎಂಗಡೀನಿನಲ್ಲಿ ಅಕ್ಟೋಬರಿನ ರಾತ್ರಿ ಸೊನ್ನೆಗಿಂತ ಕೆಳಗೆ ಹೋಗುವುದು ಸಾಮಾನ್ಯ. ಒಂದು ಸಣ್ಣ ಮಾತು: ಅಲ್ಲಿ ಡಬಲ್ ರೂಮ್ ಎಂದರೆ ಬಹಳ ಕಡೆ ಅಂಟಿಸಿಟ್ಟ ಎರಡು ಹಾಸಿಗೆ, ಎರಡು ಬೇರೆ ಬೇರೆ ರಜಾಯಿ. ತಪ್ಪು ಕೊಠಡಿ ಕೊಟ್ಟರೆಂದು ಜಗಳಕ್ಕೆ ಹೋಗಬೇಡಿ. ಹೊದಿಕೆ ಎಳೆದಾಡುವ ಸಮಸ್ಯೆ ಮುಗಿಯಿತೆಂದು ಖುಷಿಪಡಿ.

ಊಟ ನೀವಂದುಕೊಂಡಷ್ಟು ಕಷ್ಟವಿಲ್ಲ, ಆದರೆ ಕೇಳಿ ತಿನ್ನಬೇಕು. ಸ್ವಿಸ್ ಕಡೆ ತುರಿದ ಆಲೂಗಡ್ಡೆಯ ರೋಸ್ಟಿ, ಚೀಸ್ ಕರಗಿಸಿದ ರಾಕ್ಲೆಟ್. ಟಿರಾನೊದಲ್ಲಿ ಪಿಟ್ಸೊಕ್ಕೆರಿ, ಅಂದರೆ ಬಕ್‌ವೀಟ್ ಹಿಟ್ಟಿನ ಪಟ್ಟಿಗಳನ್ನು ಎಲೆಕೋಸು, ಆಲೂಗಡ್ಡೆ, ಚೀಸಿನ ಜೊತೆ ಬೇಯಿಸಿದ್ದು. ಚಳಿಯಲ್ಲಿ ನಡೆದು ಬಂದವರಿಗೆ ಅಮೃತ. ದಕ್ಷಿಣ ಟಿರೋಲ್‌ನಲ್ಲಿ ಪಾಲಕ್ ತುಂಬಿದ, ಕಡುಬಿನಂಥ ಶ್ಲುಟ್ಸ್‌ಕ್ರಾಪ್‌ಫೆನ್. ಇವುಗಳಲ್ಲಿ ಮೊಟ್ಟೆ ಇರಬಹುದು, ತಿನ್ನದವರಾದರೆ ಕೇಳಿ. ಕರಗಿಸಿದ ಚೀಸಿನಲ್ಲಿ ಬ್ರೆಡ್ಡು ಅದ್ದಿ ತಿನ್ನುವ ಫಾಂಡ್ಯೂದಲ್ಲಿ ವೈನ್ ಇರುತ್ತದೆ. ತರಕಾರಿ ಸೂಪಿಗೂ ಮಾಂಸದ ಸಾರು ಬಳಸಿರಬಹುದು. ಸ್ಪೆಕ್ ಎಂಬ ಹಂದಿಮಾಂಸದ ಚೂರು ಸಲಾಡಿನಲ್ಲೂ ನುಸುಳುತ್ತದೆ. ಅಕ್ಟೋಬರಿನಲ್ಲಿ ಅಲ್ಲಿಯ ತೋಟದಮನೆಗಳಲ್ಲಿ ತ್ಯೋರ್ಗೆಲೆನ್ ಎಂಬ ಸುಗ್ಗಿಯೂಟ, ಹೊಸ ವೈನು, ಸುಟ್ಟ ಚೆಸ್ಟ್‌ನಟ್. ಮುಖ್ಯ ತಟ್ಟೆ ಮಾಂಸದ್ದೇ, ಸಸ್ಯಾಹಾರವೆಂದು ಮುಂಚೆ ತಿಳಿಸಿದರೆ ಬೇರೆ ಮಾಡಿಕೊಡುತ್ತಾರೆ. ಲೌಟರ್‌ಬ್ರುನ್ನೆನ್‌ನಲ್ಲಿ ಅಡುಗೆಮನೆ ಇರುವ ಅಪಾರ್ಟ್‌ಮೆಂಟ್ ಹಿಡಿಯಿರಿ, ಅವಲಕ್ಕಿ, ಚಟ್ನಿಪುಡಿ, ಉಪ್ಪಿಟ್ಟಿನ ಮಿಕ್ಸ್ ಒಯ್ಯಿರಿ. ತುಪ್ಪ, ಹಾಲಿನ ಪುಡಿ, ಹಸಿ ಕರಿಬೇವು ಬೇಡ. ಹೊರಗಿನಿಂದ ಹಾಲಿನ ಪದಾರ್ಥ, ಹಸಿ ಸಸ್ಯ ತರುವುದಕ್ಕೆ ಅಲ್ಲಿ ನಿರ್ಬಂಧವಿದೆ. ಭಾನುವಾರ ಬಹುತೇಕ ಅಂಗಡಿ ಮುಚ್ಚಿರುತ್ತವೆ, ಶನಿವಾರವೇ ಸಾಮಾನು ತನ್ನಿ.

ವೀಸಾ: ಮೂರು ದೇಶಕ್ಕೂ ಒಂದೇ ಷೆಂಗೆನ್ ವೀಸಾ. ಹೆಚ್ಚು ರಾತ್ರಿ ಎಲ್ಲಿ ತಂಗುತ್ತೀರೋ ಆ ದೇಶಕ್ಕೆ ಅರ್ಜಿ. ನಿಮ್ಮದು ಸ್ವಿಟ್ಜರ್ಲೆಂಡಿನಲ್ಲಿ ಏಳು, ಇಟಲಿಯಲ್ಲಿ ನಾಲ್ಕು, ಆದ್ದರಿಂದ ಸ್ವಿಸ್ ವೀಸಾ. ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು. ಜುಲೈ ದಾಟಿಸಬೇಡಿ, ಬೇಸಿಗೆಯ ನೂಕುನುಗ್ಗಲಿನಲ್ಲಿ ಅಪಾಯಿಂಟ್‌ಮೆಂಟ್ ಸಿಗುವುದೇ ಕಷ್ಟ. ಕನಿಷ್ಠ 30,000 ಯೂರೊ ವಿಮೆ ಕಡ್ಡಾಯ. ಆ ಪಾಲಿಸಿಯಲ್ಲಿ ಬೆಟ್ಟದಿಂದ ಹೆಲಿಕಾಪ್ಟರ್ ರಕ್ಷಣೆಯೂ ಸೇರಿದೆಯೇ ಎಂದು ಓದಿ, ಇಲ್ಲವಾದರೆ ಆ ಬಿಲ್ಲು ನಿಮ್ಮದೇ. ಫೋನಿನಲ್ಲಿ ಎರಡು ಸಂಖ್ಯೆ ಇರಲಿ: ಎಲ್ಲ ಕಡೆಗೂ 112, ಸ್ವಿಸ್ ವಾಯು ರಕ್ಷಣೆಗೆ 1414.

ಮೊದಲು ಪೊಂಟ್ರೆಸೀನಾದ ಕೊಠಡಿ ಕಾದಿರಿಸಿ, ಲಾರ್ಚ್ ವಾರದಲ್ಲಿ ಸ್ಥಳೀಯರೇ ಮುಗಿಬೀಳುತ್ತಾರೆ. ಕೇಬಲ್ ಕಾರುಗಳ ಕೊನೆಯ ದಿನಾಂಕ ವರ್ಷ ವರ್ಷಕ್ಕೆ ಬದಲಾಗುವುದರಿಂದ ಆಯಾ ಕಂಪನಿಯ ಜಾಲತಾಣದಲ್ಲಿ ನೋಡಿಕೊಂಡ ಮೇಲೆ ಉಳಿದ ಎರಡು ಊರು. ವೀಸಾ ಕೈಗೆ ಬರುವವರೆಗೆ ಎಲ್ಲವೂ ರದ್ದು ಮಾಡಬಹುದಾದ ದರದಲ್ಲೇ ಇರಲಿ.